ಕ್ಲಾಸಿನಲ್ಲಿ ಯಾವ ಸಿನಿಮಾ ತೋರಿಸೋದು? ‘ಫೋಟೋ’ ಅಂದರೆ ಮಾಸ್ತರಿಗೆ ಯಾಕೆ ಅಂಜಿಕೆ?

ದಢೇಸುಗೂರು: ಹೈಸ್ಕೂಲ್ ಮಾಸ್ತರ್ ಒಬ್ಬರು ಹೋದ ವಾರ ಚಹಾ ಅಂಗಡಿ ಮುಂದೆ ಸಿಕ್ಕಿದ್ದರು. ‘ತಮ್ಮಾ, ನೀ ಸಿನಿಮಾ ಭಾಳ ನೋಡ್ತಿ. ಒಂಬತ್ತನೇ ಕ್ಲಾಸಿನ ಹುಡುಗ್ರಿಗೆ ತೋರಿಸಾಕ ಒಂದು ಚಲೋ ಸಿನಿಮಾ ಹೇಳು. ನೋಡಿದಮ್ಯಾಗ ಅವರು ಎರಡು ಪುಟ ವಿಮರ್ಶೆ ಬರೀಬೇಕು’ ಅಂದರು. ನಾನು ಹಿಂದೆ ಮುಂದೆ ನೋಡದೆ ‘ಫೋಟೋ’ ಅಂದೆ. ಅವರ ಮುಖ ಸಣ್ಣದಾಯಿತು. ‘ಅದು ಬ್ಯಾಡ, ಬ್ಯಾರೆ ಹೇಳು’ ಅಂದರು. ಯಾಕೆ ಬೇಡ ಅನ್ನೋದಕ್ಕೆ ಎರಡನೇ ಚಹಾ ಮುಗಿಯೋ ತನಕ ಕಾರಣ ಕೊಟ್ಟರು. ಆ ಕಾರಣಗಳು ಬರೀ ಅವರವಲ್ಲ, ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಎಷ್ಟೋ ಮಾಸ್ತರು, ಟೀಚರುಗಳವು. ಅದಕ್ಕೇ ಬರೀತಾ ಇದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಸಿನಿಮಾದ ವಿಷಯ. ‘ಫೋಟೋ’ ಚಿತ್ರಮಂದಿರಕ್ಕೆ ಬಂದಿದ್ದು 2024ರ ಮಾರ್ಚ್ 15ಕ್ಕೆ. ನಿರ್ದೇಶಕ ಉತ್ಸವ್ ಗೋನವಾರ, ನಮ್ಮ ರಾಯಚೂರು ಸೀಮೆಯವರೇ. ಕಥೆ ಇಷ್ಟು: ರಾಯಚೂರು ಜಿಲ್ಲೆಯ ಹಳ್ಳಿ ಹುಡುಗ ದುರ್ಗ್ಯಾನಿಗೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು ಅಂತ ಆಸೆ. ಅಪ್ಪ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಇದ್ದಾನೆ. ಹುಡುಗ ಅಲ್ಲಿಗೆ ಹೋಗುತ್ತಾನೆ. ಅಷ್ಟರಲ್ಲಿ ಲಾಕ್‌ಡೌನ್. ಬಸ್ಸಿಲ್ಲ, ಕೆಲಸವಿಲ್ಲ. ಅಪ್ಪ ಮಗ ಇಬ್ಬರೂ ಊರಿನ ಕಡೆ ನಡೆಯಲು ಶುರು ಮಾಡುತ್ತಾರೆ. ಕೊನೆಗೆ ಏನಾಗುತ್ತೆ ಅಂತ ಇಲ್ಲಿ ಹೇಳಲ್ಲ, ನೋಡ್ರಿ. ಅಪ್ಪನ ಪಾತ್ರ ಮಾಡಿದವರು ರಂಗಭೂಮಿಯ ಮಹಾದೇವ ಹಡಪದ. ಮಾತೆಲ್ಲ ನಮ್ಮ ಕಡೆಯ ಮಾತೇ.

ಮಾಸ್ತರರ ಮೊದಲ ಕಾರಣ ರಾಜಕೀಯ. ಚಿತ್ರವನ್ನು ಅರ್ಪಿಸಿದ್ದು ಪ್ರಕಾಶ್ ರಾಜ್ ಅವರ ನಿರ್ದಿಗಂತ. ಅವರು 2019ರಲ್ಲಿ ಬೆಂಗಳೂರು ಕೇಂದ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ನಿಂತವರು, ಬಾಯಿಬಿಟ್ಟು ಮಾತಾಡುವವರು. ‘ಯಾರಾದ್ರೂ ಒಬ್ಬ ಪಾಲಕ ವಾಟ್ಸಾಪ್‌ನಾಗ ಹಾಕಿದ್ರ ಸಾಕು, ಬಿಇಒ ಆಫೀಸಿನಿಂದ ಫೋನ್ ಬರ್ತೈತಿ’ ಅಂದರು. ಸುಳ್ಳಲ್ಲ. ಆದರೆ ಸಿನಿಮಾ ನೋಡಿದವರಿಗೆ ಗೊತ್ತು, ಅದರಲ್ಲಿ ಪಕ್ಷದ ಬಾವುಟ ಇಲ್ಲ. ದಾರಿ ಇದೆ, ಬಿಸಿಲು ಇದೆ, ಒಬ್ಬ ಅಪ್ಪ ಇದ್ದಾನೆ. ಈ ಅಂಜಿಕೆ ಬಗೆಹರಿಸಲು ಒಂದೇ ದಾರಿ. ಮುಖ್ಯಗುರುಗಳು ಮತ್ತು ಎಸ್‌ಡಿಎಂಸಿಯವರು ನಾಲ್ಕು ಮಂದಿ ಮೊದಲೇ ಕೂತು ನೋಡಿಬಿಡಬೇಕು. ನೋಡದೆ ಬೈಯುವವರಿಗೆ ನೋಡಿದವರೇ ಉತ್ತರ ಕೊಡಲಿ.

ಎರಡನೇ ಕಾರಣ ಭಾರವಾದದ್ದು. ‘ನನ್ನ ಕ್ಲಾಸಿನಾಗ ಅಂಥ ಹುಡುಗ್ರೇ ಅದಾವ ತಮ್ಮಾ. ಅವರ ಅಪ್ಪ ಅವ್ವ ಈಗ್ಲೂ ಬೆಂಗಳೂರಾಗ ಅದಾರ. ಅವರ ಮುಂದ ಇದನ್ನ ಹಾಕಿ, ಉಳಿದ ಹುಡುಗ್ರು ಅವರ ಕಡಿ ತಿರುಗಿ ನೋಡಿದ್ರ?’ ಇದಕ್ಕೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಯೋಚನೆ ಮಾಡಿದ್ದನ್ನು ಮುಂದೆ ಬರೀತೀನಿ. ಅದಕ್ಕೂ ಮುಂಚೆ ಅವರೇ ಹೇಳಿದ ಬೇರೆ ಹೆಸರು ನೋಡೋಣ.

‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ ತೋರಿಸಿಬಿಟ್ರ ಹೆಂಗ?’ ಅಂತ ಕೇಳಿದರು. 2018ರ ರಿಷಬ್ ಶೆಟ್ಟಿ ಸಿನಿಮಾ, ಮಕ್ಕಳ ಚಿತ್ರ ವಿಭಾಗದ ರಾಷ್ಟ್ರ ಪ್ರಶಸ್ತಿ ಬಂದಿದೆ. ನಗಿಸುತ್ತದೆ, ಯಾರ ತಕರಾರೂ ಬರಲ್ಲ. ತೊಂದರೆ ಏನಂದರೆ, ನಲವತ್ತು ಹುಡುಗರು ನಲವತ್ತು ವಿಮರ್ಶೆಯಲ್ಲೂ ‘ನಾವೆಲ್ಲರೂ ಕನ್ನಡ ಶಾಲೆ ಉಳಿಸಬೇಕು’ ಅಂತಲೇ ಬರೀತಾರೆ. ಸಿನಿಮಾ ಶುರುವಾಗುವ ಮೊದಲೇ ಆ ವಾಕ್ಯ ಅವರಿಗೆ ಗೊತ್ತಿರುತ್ತೆ. ಅದನ್ನ ವಿಮರ್ಶೆ ಅನ್ನೋಕಾಗಲ್ಲ, ಪ್ರಬಂಧ ಸ್ಪರ್ಧೆ ಅನ್ನಬಹುದು.

ಆದರೆ ಅದೇ ಸಿನಿಮಾ ನಮ್ಮ ಕ್ಯಾಂಪಿನ ಶಾಲೆಗಳಲ್ಲಿ ಹಾಕಿ ನೋಡ್ರಿ. ಎಡದಂಡೆ ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಹಚ್ಚಿದ ಕುಟುಂಬಗಳ ಕ್ಯಾಂಪುಗಳು ಸಿಂಧನೂರು ಸುತ್ತ ಎಷ್ಟಿವೆ ಅಂತ ನಿಮಗೇ ಗೊತ್ತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಆರ್‌ಎಚ್ ಕ್ಯಾಂಪುಗಳಲ್ಲಿ ಮನೆಮಾತು ಬಂಗಾಲಿ. ಕಾಸರಗೋಡಿನಲ್ಲಿ ಕನ್ನಡ ಹುಡುಗನಿಗೆ ಮಲಯಾಳಂ ಮಾಸ್ತರ್ ಬಂದು ನಿಂತಾಗ ಆಗುವ ಕಸಿವಿಸಿ ಏನು ಅಂತ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರೋದು ಆ ಕ್ಯಾಂಪಿನ ಹುಡುಗನಿಗೆ. ಒಂದನೇ ಕ್ಲಾಸಿನಲ್ಲಿ ಅವನಿಗೆ ಆಗಿದ್ದೂ ಅದೇ, ಬರೀ ಭಾಷೆ ಬೇರೆ. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು, ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಇದನ್ನು ಬೋರ್ಡಿನ ಮೇಲೆ ಬರೆದು, ‘ಈ ಸಿನಿಮಾದ ಹುಡುಗನ ಜಾಗದಾಗ ನಮ್ಮ ಕ್ಲಾಸಿನಾಗ ಯಾರದಾರ?’ ಅಂತ ಮಾಸ್ತರ್ ಕೇಳಿದರೆ ಆಗ ಬರುವ ಎರಡು ಪುಟ ಬೇರೆ ಇರುತ್ತೆ.

ನನ್ನ ಲೆಕ್ಕ ಇರೋದು ಇಲ್ಲೇ. ಕ್ಲಾಸಿಗೆ ಸಿನಿಮಾ ಆರಿಸುವಾಗ ಪ್ರಶಸ್ತಿ ಎಷ್ಟು ಬಂದಿದೆ, ನೀತಿ ಎಷ್ಟಿದೆ ಅಂತ ನೋಡಬಾರದು. ಸಿನಿಮಾದ ವಿಷಯ ಮಾಸ್ತರಿಗಿಂತ ಹುಡುಗರಿಗೆ ಹೆಚ್ಚು ಗೊತ್ತಿದೆಯಾ ಅಂತ ನೋಡಬೇಕು. ಗೊತ್ತಿದ್ದರೆ ಹುಡುಗ ಸಿನಿಮಾದ ಜತೆ ಜಗಳ ಮಾಡ್ತಾನೆ. ಗೊತ್ತಿಲ್ಲದಿದ್ದರೆ ಕಥೆ ಬರೆದು ‘ಛಾಯಾಗ್ರಹಣ ಚೆನ್ನಾಗಿದೆ’ ಅಂತ ಮುಗಿಸ್ತಾನೆ.

ಇದು ನನ್ನ ಅನುಭವದ ಮಾತು. ನಾನು ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟವನು. ಬಿಡುವ ಮುಂಚೆ ಒಂದು ಅಸೈನ್‌ಮೆಂಟ್ ಕೊಟ್ಟಿದ್ದರು, ಯಾವುದಾದರೂ ಸಿನಿಮಾ ವಿಮರ್ಶೆ. ನಾನು ನೋಡದೇ ಇರುವ ಒಂದು ಇಂಗ್ಲಿಷ್ ಸಿನಿಮಾ ಬಗ್ಗೆ ಇಂಟರ್‌ನೆಟ್‌ನಿಂದ ಇಳಿಸಿ ಕೊಟ್ಟೆ. ಹತ್ತಕ್ಕೆ ಎಂಟು ಬಂತು. ನನ್ನ ಗೆಳೆಯ ನಿಜವಾಗಿ ಸಿನಿಮಾ ನೋಡಿ, ಟಾಕೀಸಿನಲ್ಲಿ ಜನ ಎಲ್ಲಿ ಎದ್ದು ಹೋದರು ಅಂತ ಬರೆದಿದ್ದ. ಅವನಿಗೆ ಐದು. ಈಗ ಇನ್ನೂ ಸುಲಭ, ಮೊಬೈಲಿನಲ್ಲಿ ಎಐಗೆ ಕೇಳಿದರೆ ಅರ್ಧ ನಿಮಿಷದಲ್ಲಿ ಎರಡು ಪುಟ ಸಿದ್ಧ. ಆದರೆ ಗುಳೆ ಹೋದ ಮನೆಯಲ್ಲಿ ಗಂಟು ಹೆಂಗ ಕಟ್ತಾರೆ, ಕೀಲಿ ಯಾರ ಹತ್ತಿರ ಕೊಟ್ಟು ಹೋಗ್ತಾರೆ, ಮುದುಕಿಯನ್ನು ಯಾರು ನೋಡಿಕೊಳ್ತಾರೆ, ಇದನ್ನು ಮಸ್ಕಿ ಕಡೆ ಹುಡುಗನಿಗಿಂತ ಚೆನ್ನಾಗಿ ಯಾವ ಮೊಬೈಲೂ ಹೇಳಲ್ಲ.

ಹಾಗಾಗಿ ಮತ್ತೆ ‘ಫೋಟೋ’ಗೇ ಬರ್ತೀನಿ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆ ಆದಾಗ ಈಗಿನ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಎಂಟೊಂಬತ್ತು ವರ್ಷ. ಹೆಚ್ಚುಕಡಿಮೆ ದುರ್ಗ್ಯಾನ ವಯಸ್ಸು. ಬೆಂಗಳೂರಿನಿಂದ ಸಿಂಧನೂರಿಗೆ 350 ಕಿಲೋಮೀಟರ್ ಮೇಲಾಗುತ್ತೆ. ಬಳ್ಳಾರಿ, ಸಿರುಗುಪ್ಪ ದಾಟಿ ಬಂದರೆ ತುಂಗಭದ್ರಾ ಸೇತುವೆ. ಸೇತುವೆ ಈಚೆಗೆ ದಢೇಸುಗೂರು, ಅಲ್ಲಿಂದ ರಾಯಚೂರು ಜಿಲ್ಲೆ. ಬೆಂಗಳೂರಿಂದ ಹೊರಟ ನಮ್ಮ ಸಿಂಧನೂರು ತಾಲ್ಲೂಕಿನ ಕೂಲಿ ಹೆಣ್ಣುಮಗಳೊಬ್ಬಳು ಆ ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲೇ ತೀರಿಕೊಂಡ ಸುದ್ದಿ ಇಡೀ ರಾಜ್ಯ ಓದಿತ್ತು. ಈ ಸೇತುವೆ ತನಕ ಅವಳು ಮುಟ್ಟಲೇ ಇಲ್ಲ. ಸಿನಿಮಾ ನೋಡುವ ಹುಡುಗರು ದಿನಾ ಸೈಕಲ್ ಹೊಡೆಯುವ ರಸ್ತೆ ಇದು. ಬೆಂಗಳೂರಿನ ಇಂಟರ್‌ನ್ಯಾಷನಲ್ ಶಾಲೆಯ ಮಕ್ಕಳಿಗೆ ಈ ಸಿನಿಮಾ ತೋರಿಸಿದರೆ ಅವರು ಅಯ್ಯೋ ಪಾಪ ಅಂತಾರೆ. ನಮ್ಮವರು ‘ಆ ಶೆಡ್ ಹಂಗಿರಲ್ಲ ಸರ್, ತಗಡು ಇನ್ನಾ ಕೆಳಗಿರ್ತೈತಿ’ ಅಂದರೆ ಆಶ್ಚರ್ಯ ಇಲ್ಲ.

ಈಗ ಮಾಸ್ತರರ ಆ ಭಾರದ ಪ್ರಶ್ನೆ. ಹುಡುಗರಿಗೆ ಅವಮಾನ ಆದರೆ? ಆಗುತ್ತೆ, ಮಾಸ್ತರ್ ತಪ್ಪು ಪ್ರಶ್ನೆ ಕೇಳಿದರೆ. ‘ಯಾರ ಅಪ್ಪ ದುಡಿಯಾಕ ಹೋಗ್ಯಾನ, ಎದ್ದು ನಿಲ್ರಿ’ ಅಂದರೆ ಆ ಹುಡುಗ ನಾಳೆಯಿಂದ ಶಾಲೆಗೆ ಬರಲ್ಲ. ಅದರ ಬದಲು ಎಲ್ಲರಿಗೂ ಒಂದೇ ಪ್ರಶ್ನೆ ಕೊಡಬೇಕು: ‘ಈ ಸಿನಿಮಾದಾಗ ಯಾವುದು ಖರೆ ಅನ್ನಿಸ್ತು, ಯಾವುದು ಸುಳ್ಳು ಅನ್ನಿಸ್ತು?’ ಗೊತ್ತಿರುವ ಹುಡುಗ ತನ್ನ ಮನೆ ಕಥೆ ಹೇಳದೆಯೇ ಉತ್ತರ ಬರೀಬಹುದು. ಅವನು ಪಾಪದ ಹುಡುಗ ಆಗಲ್ಲ, ಕ್ಲಾಸಿನ ಜಾಣ ಆಗ್ತಾನೆ. ಓದಿದ್ದನ್ನು ಜೋರಾಗಿ ಓದಿಸೋದು ಬಿಡೋದು ಅವನ ಇಷ್ಟಕ್ಕೆ ಇರಲಿ.

ಇನ್ನೊಂದು ವಿಷಯ ಭಾಷೆ. ವಿಮರ್ಶೆಯಲ್ಲಿ ‘ಐತಿ’, ‘ಅದಾವ’ ಬರೆದರೆ ಕೆಂಪು ಪೆನ್ನಿನಿಂದ ಸುತ್ತು ಹಾಕೋದು ನಮ್ಮ ಪದ್ಧತಿ. ಪರದೆ ಮೇಲೆ ನಮ್ಮ ಮಾತಿಗೆ ಚಪ್ಪಾಳೆ ಹೊಡೆಸಿ, ಹಾಳೆ ಮೇಲೆ ಅದೇ ಮಾತಿಗೆ ಅಂಕ ಕಳೆದರೆ ಹುಡುಗರು ಏನಂತ ತಿಳ್ಕೋಬೇಕು? ಈ ಒಂದು ಸಲಕ್ಕಾದರೂ ಪೆನ್ನು ಜೇಬಿನಲ್ಲಿರಲಿ. ನಾನೂ ಈ ವೆಬ್‌ಸೈಟಿಗೆ ಬರೆಯುವಾಗ ಎರಡನ್ನೂ ಕಲಸೇ ಬರೆಯೋದು, ಓದುವವರು ಬೈದಿಲ್ಲ.

ಯಾವಾಗ ತೋರಿಸಬೇಕು ಅನ್ನೋದೂ ಸಣ್ಣ ವಿಷಯ ಅಲ್ಲ. ನೀರಾವರಿ ಇರುವ ದಢೇಸುಗೂರು ಕಡೆ ಕೊಯ್ಲಿನ ಹೊತ್ತಿಗೆ ಹಾಜರಿ ಇಳಿಯುತ್ತೆ. ಮಸ್ಕಿ, ಲಿಂಗಸುಗೂರಿನ ಒಣಬೇಸಾಯದ ಹಳ್ಳಿಗಳಲ್ಲಿ ಬೆಳೆ ಕೈಕೊಟ್ಟ ವರ್ಷ ಸಂಕ್ರಾಂತಿ ಕಳೆದ ಮೇಲೆ ಬೆಂಚುಗಳೇ ಖಾಲಿ. 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಕೂತಿದ್ದು ಇದೇ ಕಾರಣಕ್ಕೆ. ಅಂದರೆ ಫೆಬ್ರವರಿಯಲ್ಲಿ ‘ಫೋಟೋ’ ಹಾಕಿದರೆ ಸಿನಿಮಾ ಯಾರ ಬಗ್ಗೆ ಇದೆಯೋ ಅವರೇ ಕ್ಲಾಸಿನಲ್ಲಿ ಇರಲ್ಲ, ಬೆಂಗಳೂರಿನ ಶೆಡ್ಡಿನಲ್ಲಿರ್ತಾರೆ. ದಸರಾ ದೀಪಾವಳಿ ನಡುವೆ ಸರಿ.

ದಿನವೂ ಇದೆ. ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’. ಬೆಳಗಿನ ಶಾಲೆ, ಸಿನಿಮಾ ಮತ್ತು ಮಾತು ಎರಡಕ್ಕೂ ಸಾಕು. ನಲವತ್ತು ನಿಮಿಷದ ಪೀರಿಯಡ್‌ನಲ್ಲೇ ತೋರಿಸಬೇಕಾದರೆ ಮೂರು ಕಂತು ಮಾಡಬಹುದು, ಮುಂದೇನು ಅಂತ ಹುಡುಗರು ಎರಡು ದಿನ ತಲೆಕೆಡಿಸಿಕೊಳ್ಳಲಿ. ಹತ್ತನೇ ಕ್ಲಾಸಿಗೆ ಮಾತ್ರ ಯಾರೂ ಬಿಡಲ್ಲ. ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ರಾಯಚೂರನ್ನು ಕೆಳಗಿನಿಂದ ಹುಡುಕಿದರೆ ಬೇಗ ಸಿಗುತ್ತೆ, ಆ ಒತ್ತಡ ಮಾಸ್ತರರ ತಲೆ ಮೇಲೆ ಕೂತಿದೆ.

ಕಾನೂನು ಕೇಳುವವರಿಗೆ: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಪ್ರಕಾರ ಶಾಲೆಯ ಚಟುವಟಿಕೆಯಾಗಿ ಸಿನಿಮಾ ತೋರಿಸಿದರೆ, ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪಾಲಕರು, ಸಂಸ್ಥೆಗೆ ಸಂಬಂಧಪಟ್ಟವರಷ್ಟೇ ಆಗಿದ್ದರೆ, ಅದು ಉಲ್ಲಂಘನೆ ಅಲ್ಲ. ಟೆಲಿಗ್ರಾಮ್‌ನಿಂದ ಇಳಿಸಿದ ಕಳ್ಳ ಕಾಪಿಗೆ ಇದು ಅನ್ವಯ ಅಲ್ಲ, ಅದನ್ನು ಮುಟ್ಟಬೇಡಿ. ಸಿನಿಮಾ ತಂಡಕ್ಕೇ ಕೇಳಿ, ನಮ್ಮ ಕಡೆಯವರೇ ತಾನೇ. ಸೆನ್ಸಾರ್ ಪ್ರಮಾಣಪತ್ರವನ್ನೂ ನೋಡಿಕೊಳ್ಳಿ. 2024ರ ನಿಯಮಗಳಿಂದ ಯುಎ ಅನ್ನೋದು 7, 13, 16 ವರ್ಷ ಅಂತ ಮೂರು ಭಾಗ ಆಗಿದೆ.

‘ಸಾಲ್ಯಾಗ ಸಿನಿಮಾ ಯಾಕ?’ ಅಂತ ಅಂಗಡಿ ಕಟ್ಟೆ ಮೇಲೆ ಕೂತ ಹಿರಿಯರು ಕೇಳ್ತಾರೆ. ಹುಡುಗರು ಸಿನಿಮಾ ನೋಡೋದನ್ನು ಯಾರೂ ನಿಲ್ಲಿಸಿಲ್ಲ ಯಜಮಾನ್ರೇ. ದೊಡ್ಡ ತೆಲುಗು ಸಿನಿಮಾ ಬಿಡುಗಡೆ ದಿನ ಸಿಂಧನೂರಿನ ಟಾಕೀಸ್ ಮುಂದೆ ಯಾರ ಮಕ್ಕಳು ಪಟಾಕಿ ಹೊಡೀತಾರೆ ನೋಡಿ ಬನ್ನಿ. ನೋಡಿದ್ದನ್ನು ಪ್ರಶ್ನೆ ಮಾಡೋದು ಮಾತ್ರ ಯಾರೂ ಕಲಿಸಿಲ್ಲ. ಪಕ್ಕದ ಕೇರಳದಲ್ಲಿ ‘ಸ್ಥಾನಾರ್ಥಿ ಶ್ರೀಕುಟ್ಟನ್’ ಅನ್ನೋ 2024ರ ಸಿನಿಮಾ ನೋಡಿ ಕೆಲವು ಶಾಲೆಗಳು ಕೊನೇ ಬೆಂಚೇ ಇರಬಾರದು ಅಂತ ಬೆಂಚುಗಳನ್ನು ಯು ಆಕಾರಕ್ಕೆ ತಿರುಗಿಸಿದವು. ಫ್ರಾನ್ಸ್ ದೇಶದಲ್ಲಂತೂ 1989ರಿಂದ ಶಾಲೆ ಮಕ್ಕಳನ್ನು ಟಾಕೀಸಿಗೇ ಕರಕೊಂಡು ಹೋಗಿ ತೋರಿಸುವ ಯೋಜನೆ ಇದೆ. ನಮ್ಮಲ್ಲೂ ವಾರದ ನಡುವಿನ ಬೆಳಗಿನ ಆಟಕ್ಕೆ ಖಾಲಿ ಕುರ್ಚಿಗಳೇ ಹೆಚ್ಚು. ಟಾಕೀಸ್ ಮಾಲೀಕರು ಒಂದು ಆಟ ಕಡಿಮೆ ದರಕ್ಕೆ ಬಿಟ್ಟುಕೊಟ್ಟರೆ ಅವರಿಗೇನೂ ಲುಕ್ಸಾನಿಲ್ಲ.

ಈ ಬರಹ ಕಳಿಸುವ ಮುಂಚೆ ಮಾಸ್ತರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಮೊದಲು ನಾನೊಬ್ಬನೇ ನೋಡ್ತೀನಿ, ಆಮ್ಯಾಗ ಹೆಡ್‌ಮಾಸ್ತರಿಗೆ ಕೇಳ್ತೀನಿ’ ಅಂದರು. ಫೋನ್ ಇಟ್ಟು ಐದು ನಿಮಿಷಕ್ಕೆ ಅವರೇ ತಿರುಗಿ ಮಾಡಿದರು: ‘ತಮ್ಮಾ, ನಮ್ಮ ಕ್ಲಾಸಿನ ಕಿಟಕಿಗೆ ಬಾಗಲಿಲ್ಲ, ಬೆಳಕು ಬರ್ತೈತಿ. ನಿಮ್ಮ ಮನ್ಯಾಗ ಹಳೇ ಕೌದಿ ಎರಡು ಇದ್ರ ತಗೊಂಡು ಬಾ.’