ಬ್ಯಾಟರಿಯಿಲ್ಲದ ಕಾರ್ಡಿನ ಓಲಾಟ

ದೋಹಾ ಮೆಟ್ರೋದ ಕೆಂಪು ಮಾರ್ಗ ಉತ್ತರದಲ್ಲಿ ಕೊನೆಯಾಗುವುದು ಲುಸೈಲ್‌ನಲ್ಲಿ. ಅಲ್ಲಿನ ಗೇಟಿಗೆ ಹಿಡಿಯುವ ಪ್ರಯಾಣದ ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ಆದರೂ ಒಳಗಿನ ಚಿಪ್ಪು ಗೇಟಿನ ಹತ್ತಿರ ಬಂದೊಡನೆ ಎಚ್ಚೆತ್ತು ಲೆಕ್ಕ ಒಪ್ಪಿಸುತ್ತದೆ. ವಿದ್ಯುನ್ಮಂಡಲದ ಅನುರಣನೆಯನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ತೋಚದು.

ಇಂಥ ಕಾರ್ಡುಗಳ ಪದರದೊಳಗೆ ಕೆಲವೇ ಸುತ್ತಿನ ತಂತಿಸುರುಳಿಯಿರುತ್ತದೆ. ಚಿಪ್ಪಿನಲ್ಲಿ ಪುಟ್ಟ ಕೆಪಾಸಿಟರ್. ಸುರುಳಿಯ ಕಾಂತಕ್ಷೇತ್ರ ಕುಗ್ಗಿದಂತೆ ಕೆಪಾಸಿಟರ್ ತುಂಬುತ್ತದೆ, ಕೆಪಾಸಿಟರ್ ಬರಿದಾದಂತೆ ಕ್ಷೇತ್ರ ಮತ್ತೆ ಹಿಗ್ಗುತ್ತದೆ. ಶಕ್ತಿಯ ಈ ಓಲಾಟವನ್ನು 1853ರಲ್ಲೇ ಗಣಿತದಿಂದ ಕಂಡುಕೊಂಡವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು. 17 ಪಿಕೋಫ್ಯಾರಡ್ ಕೆಪಾಸಿಟರಿಗೆ ಸುಮಾರು 8 ಮೈಕ್ರೋಹೆನ್ರಿಯ ಸುರುಳಿ ಜೋಡಿಸಿದರೆ ಸೆಕೆಂಡಿಗೆ ಹತ್ತಿರಹತ್ತಿರ 1.36 ಕೋಟಿ ಓಲಾಟ. ಇಂಥ ಕಾರ್ಡುಗಳನ್ನು ಓದುವ, ಗೇಟಿನೊಳಗಿನ ರೀಡರ್ ಮಿಡಿಯುವುದೂ ಅದೇ ಲಯದಲ್ಲಿ, 13.56 ಮೆಗಾಹರ್ಟ್ಸ್‌ನಲ್ಲಿ. ಉಯ್ಯಾಲೆಯನ್ನು ಹೊತ್ತು ನೋಡಿ ತಳ್ಳಿದ ಹಾಗೆ, ಒಂದೊಂದು ಮಿಡಿತವೂ ಹಿಂದಿನದಕ್ಕೆ ಕೂಡಿಕೊಳ್ಳುತ್ತದೆ. ಇದೇ ಅನುರಣನೆ.

ಅನುರಣನೆ ಶಕ್ತಿಯನ್ನು ಹುಟ್ಟಿಸುತ್ತದೆಂದು ನಂಬಿದವರಿದ್ದಾರೆ. ಹುಟ್ಟಿಸುವುದಿಲ್ಲ; ಬಂದದ್ದನ್ನು ಕೂಡಿಸುತ್ತದೆ. ತಂತಿಯ ರೋಧದಲ್ಲೂ ಚಿಪ್ಪಿನಲ್ಲೂ ಆಗುವ ಖರ್ಚು ಬರುವ ಶಕ್ತಿಗೆ ಸಮವಾದಲ್ಲಿಗೆ ಓಲಾಟದ ಏರಿಕೆ ನಿಲ್ಲುತ್ತದೆ.

ಹಾಗಾದರೆ ರೋಧ ಕಡಿಮೆಯಾದಷ್ಟೂ ಲಾಭವೇ? ಈ ವಿಷಯದಲ್ಲಿ ನನಗೆ ಬಲು ಪ್ರಿಯವಾದ ಸಂಗತಿ ಇರುವುದು ಇಲ್ಲೇ. ಬಹುಬಳಕೆಯ ಪದ್ಧತಿಯೊಂದರಲ್ಲಿ ರೀಡರ್ ತನ್ನ ಕ್ಷೇತ್ರವನ್ನು 2–3 ಮೈಕ್ರೋಸೆಕೆಂಡು ನಿಲ್ಲಿಸಿ ನಿಲ್ಲಿಸಿ ಸಂದೇಶ ಕಳಿಸುತ್ತದೆ. ಆ ಬಿಡುವು ಎಲ್ಲಿ ಬಿತ್ತೆಂಬುದರಿಂದಲೇ ಚಿಪ್ಪು ಸೊನ್ನೆ, ಒಂದುಗಳನ್ನು ಓದಿಕೊಳ್ಳಬೇಕು. ಓಲಾಟ ಎಷ್ಟು ಹೊತ್ತು ಬಾಳುತ್ತದೆಂದು ಹೇಳುವ ಅಂಕಿಗೆ ‘ಕ್ಯೂ’ ಎಂದು ಹೆಸರು; ರೋಧ ತಗ್ಗಿದಷ್ಟೂ ಅದು ಏರುತ್ತದೆ. ರೀಡರಿನ ಕ್ಯೂ 30 ಇದ್ದರೆ ಹಳೆಯ ಓಲಾಟ 0.7 ಮೈಕ್ರೋಸೆಕೆಂಡಿನಲ್ಲಿ ಸುಮಾರು ಮೂರನೇ ಒಂದರಷ್ಟಕ್ಕೆ ಇಳಿಯುತ್ತದೆ. 300 ಇದ್ದರೆ ಅಷ್ಟು ಇಳಿಯಲು 7 ಮೈಕ್ರೋಸೆಕೆಂಡು ಬೇಕು. ಅಷ್ಟರಲ್ಲಿ ಬಿಡುವೇ ಮುಗಿದಿರುತ್ತದೆ, ಸಂದೇಶ ಕಲಸಿಹೋಗುತ್ತದೆ. ಆದ್ದರಿಂದ ಎಂಜಿನಿಯರುಗಳು ಬೇಕೆಂದೇ ರೋಧಕ ಸೇರಿಸಿ ಕ್ಯೂ ತಗ್ಗಿಸುತ್ತಾರೆ. ಶಕ್ತಿ ಮುಟ್ಟಿಸಲು ಶ್ರುತಿ ತೀಕ್ಷ್ಣವಾಗಿರಬೇಕು, ಮಾತು ಮುಟ್ಟಿಸಲು ಸ್ವಲ್ಪ ಸಡಿಲವಾಗಿರಬೇಕು. ಎಂಥ ಸೂಕ್ಷ್ಮದ ಹೊಂದಾಣಿಕೆ!

ಶ್ರುತಿ ಕೆಡುವುದೂ ಸುಲಭ. ಮೆಟ್ರೋ ಕಾರ್ಡು, ಬ್ಯಾಂಕ್ ಕಾರ್ಡು ಒಂದರ ಮೇಲೊಂದು ಕೂತರೆ ಎರಡರ ಸುರುಳಿಗಳೂ ಪರಸ್ಪರ ಪ್ರಭಾವಿಸಿ ಎರಡರ ಲಯವೂ 13.56ರಿಂದ ಸರಿಯುತ್ತದೆ, ಚಿಪ್ಪಿಗೆ ಸಾಕಷ್ಟು ವೋಲ್ಟೇಜ್ ಸಿಗದೆ ಹೋಗಬಹುದು. ಗೇಟು ತೆರೆಯದಿದ್ದರೆ ಪರ್ಸನ್ನೇ ಮತ್ತೆ ಮತ್ತೆ ಉಜ್ಜದೆ, ಕಾರ್ಡನ್ನು ಹೊರಗೆ ತೆಗೆದು ಒಂಟಿಯಾಗಿ ಹಿಡಿದು ನೋಡಿ.