ಭೂಮಿಯ ಬಿಡುವು, ನಮ್ಮ ವಿನಾಯಿತಿ

ಇಸ್ರೇಲಿನ ಹಣಕಾಸು ಸಚಿವರಾಗಿ ಬೆಜಲೆಲ್ ಸ್ಮೊಟ್ರಿಚ್ ಅಧಿಕಾರ ವಹಿಸಿಕೊಂಡು ಮಾಡಿದ ಮೊದಲ ಕೆಲಸಗಳಲ್ಲೊಂದು, 2023ರ ಜನವರಿಯಲ್ಲಿ ಒಂದು ತೆರಿಗೆಯನ್ನು ತೆಗೆದುಹಾಕುವ ಆದೇಶಕ್ಕೆ ಸಹಿ ಹಾಕಿದ್ದು. ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳ ಮೇಲೆ ಕಿಲೋಗೆ 11 ಶೆಕೆಲ್‌ನಂತೆ 2021ರ ನವೆಂಬರ್‌ನಲ್ಲಿ ಹೇರಿದ್ದ ತೆರಿಗೆ ಅದು. ತಲಾವಾರು ಲೆಕ್ಕದಲ್ಲಿ ಇಂಥ ತಟ್ಟೆ ಲೋಟಗಳನ್ನು ಅತಿ ಹೆಚ್ಚು ಬಿಸಾಡುವ ದೇಶಗಳ ಸಾಲಿನಲ್ಲಿ ಇಸ್ರೇಲ್ ಇದೆ. ತೆರಿಗೆ ಬಿದ್ದಾಗ ಮಾರಾಟ ಇಳಿದಿತ್ತು. ಅದನ್ನು ತೆಗೆಯಲೇಬೇಕೆಂದು ಪಟ್ಟು ಹಿಡಿದವರು ಧರ್ಮದ ಗಂಧಗಾಳಿ ಇಲ್ಲದವರಲ್ಲ. ಯೆಹೂದಿ ಧರ್ಮಶಾಸ್ತ್ರವಾದ ತೋರಾದ ಒಂದೊಂದು ವಿಧಿಯನ್ನೂ ಅಕ್ಷರ ತಪ್ಪದೆ ನಡೆಸುತ್ತೇವೆನ್ನುವ ಹರೇದಿ ಸಂಪ್ರದಾಯಸ್ಥರ ಪಕ್ಷಗಳು. ತೆರಿಗೆ ತಮ್ಮನ್ನೇ ಗುರಿಯಾಗಿಸಿದೆ ಎಂಬುದು ಅವರ ದೂರು. ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು. ಏಳೆಂಟು ಮಕ್ಕಳ ಮನೆ, ಮಾಂಸಕ್ಕೊಂದು ಹಾಲಿಗೊಂದು ಬೇರೆ ಪಾತ್ರೆ, ವಾರದ ಬಿಡುವಿನ ದಿನವಾದ ಸಬ್ಬತ್ತಿನಂದು ಯಂತ್ರ ಮುಟ್ಟುವಂತಿಲ್ಲ, ಮೇಲೆ ಬಡತನ. ರಾಶಿ ಬಿದ್ದ ಮುಸುರೆ ತಿಕ್ಕುವವಳು ತಾಯಿಯೇ. ಹಾಗಾದರೆ ಆ ಮನೆಯ ಗಂಡಸರು ತಿಂದ ತಟ್ಟೆಯನ್ನು ತಾವೇ ತೊಳೆದಿಡಲಿ ಎಂಬುದು ಸರ್ಕಾರ ಸೇರಲು ಯಾವ ಪಕ್ಷದ ಷರತ್ತೂ ಆಗಲಿಲ್ಲ. ಷರತ್ತಾದದ್ದು ತಟ್ಟೆ ಅಗ್ಗವಾಗಬೇಕು ಎಂಬುದು.

ಆ ಜನರನ್ನು ಇಲ್ಲಿ ಹೆಸರಿಸುತ್ತಿರುವುದು ಅವರು ನಮಗಿಂತ ಕೆಟ್ಟವರೆಂದಲ್ಲ. ಭೂಮಿಯ ಮೇಲೆ ಹೇಗೆ ಬದುಕಬೇಕೆಂಬುದನ್ನು ಯೆಹೂದಿಗಳಷ್ಟು ಬಿಡಿಸಿ, ಅಳತೆ ಹಾಕಿ, ವಾದಿಸಿ ಬರೆದಿಟ್ಟ ಸಮುದಾಯಗಳು ಅಪರೂಪ. ಆದ್ದರಿಂದಲೇ ತಿಳಿದೂ ತಪ್ಪುವ ನಮ್ಮೆಲ್ಲರ ಚಾಳಿ ಅಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಶಾಸ್ತ್ರ ನಮ್ಮದು, ಸಂಸ್ಕೃತಿ ನಮ್ಮದು ಎಂದು ಎದೆ ತಟ್ಟಿಕೊಂಡು, ಸುಖ ಕೆಡಿಸುವ ಪುಟ ಬಂದಾಗ ಮೆಲ್ಲನೆ ಮಗುಚುವವರು ನಾವು. ವಿಚಾರಣೆ ನಮ್ಮದೇ.

ತೋರಾದ ಭಾಗವಾದ ಧರ್ಮೋಪದೇಶಕಾಂಡದ ಇಪ್ಪತ್ತನೆಯ ಅಧ್ಯಾಯ ಯುದ್ಧದ ನಿಯಮಗಳನ್ನು ಹೇಳುತ್ತದೆ. ಊರಿಗೆ ಮುತ್ತಿಗೆ ಹಾಕಿದ ಸೈನ್ಯ ಕೂಡ ಅಲ್ಲಿನ ಹಣ್ಣಿನ ಮರಕ್ಕೆ ಕೊಡಲಿ ಎತ್ತಬಾರದು ಎಂಬುದು ಅದರಲ್ಲೊಂದು. ಪ್ರಾಣದ ಹಂಗು ತೊರೆದು ಕಾದಾಡುವ ಹೊತ್ತಿಗೆ, ಅದೂ ಶತ್ರುವಿನ ಮರಕ್ಕೆ ಈ ರಕ್ಷಣೆ. ಹಾಗಿದ್ದಮೇಲೆ ಶಾಂತಿಕಾಲದಲ್ಲಿ, ನಮ್ಮದೇ ಮನೆಯೊಳಗೆ ಹಾಳುಮಾಡುವುದು ಎಷ್ಟು ದೊಡ್ಡ ತಪ್ಪಾಗಬೇಡ ಎಂದು ಕೇಳಿಕೊಂಡರು ಯೆಹೂದಿ ಧರ್ಮಗುರುಗಳಾದ ರಬ್ಬಿಗಳು. ಹನ್ನೆರಡನೆಯ ಶತಮಾನದ ರಬ್ಬಿ ಮೈಮೊನಿಡೀಸ್ ಪಟ್ಟಿಯನ್ನೇ ಕೊಟ್ಟ: ಪಾತ್ರೆ ಒಡೆಯುವವನು, ಬಟ್ಟೆ ಹರಿಯುವವನು, ಕಟ್ಟಡ ಕೆಡವುವವನು, ಒರತೆ ಮುಚ್ಚುವವನು, ಅನ್ನ ಹಾಳುಮಾಡುವವನು, ಎಲ್ಲರೂ ಈ ವಿಧಿಯನ್ನು ಮೀರಿದವರೇ. ಎಣ್ಣೆ ಬೇಗ ಮುಗಿಯುವಂತೆ ದೀಪ ಉರಿಸುವುದೂ ದೋಷವೆಂದಿತು ರಬ್ಬಿಗಳ ಚರ್ಚೆಗಳ ಗ್ರಂಥವಾದ ತಾಲ್ಮುಡ್. ಕಲ್ಲೆಣ್ಣೆಯನ್ನು ಎಲ್ಲೆಲ್ಲೂ ಸುಡುವ ನಮ್ಮ ಕಾಲ ಹುಟ್ಟುವುದಕ್ಕೆ ಸಾವಿರದೈನೂರು ವರ್ಷ ಮೊದಲಿನ ಮಾತು. ಚರ್ಮ ಹದಮಾಡುವ ಕೆಲಸ ಊರಿನಿಂದ ಐವತ್ತು ಮೊಳ ಆಚೆಗೆ, ಅದೂ ಪೂರ್ವ ದಿಕ್ಕಿನಲ್ಲಿ ಮಾತ್ರ ಇರಬೇಕೆಂದು ರಬ್ಬಿಗಳ ಕಟ್ಟಳೆಗಳ ಸಂಗ್ರಹವಾದ ಮಿಶ್ನಾ ವಿಧಿಸಿತು. ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿ ಬರೆದ ಕಾನೂನು ಅದು. ಹೊಲದ ಮೂಲೆಯ ಪೈರನ್ನು ಕೊಯ್ಯದೆ ಬಡವನಿಗೂ ಪರದೇಶಿಗೂ ಬಿಡಬೇಕೆಂದಿತು ತೋರಾದ ಯಾಜಕಕಾಂಡ. ಇಂದು ಇಸ್ರೇಲಿನಲ್ಲಿ ಬೆಳೆದ ಆಹಾರದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಹಾಳಾಗುತ್ತಿದೆಯೆಂದು, ಉಳಿಕೆ ಆಹಾರ ಎತ್ತಿ ಹಂಚುವ ಲೆಕೆಟ್ ಇಸ್ರೇಲ್ ಎಂಬ ಸಂಸ್ಥೆ ವರ್ಷ ವರ್ಷ ಲೆಕ್ಕ ಕೊಡುತ್ತಿದೆ. ಹೊಲದ ಮೂಲೆ ಬಿಡುವ ಕೈ ಹೋಗಿ, ತೊಟ್ಟಿಗೆ ಸುರಿಯುವ ಕೈ ಬಂತು.

ಸಬ್ಬತ್ತನ್ನೇ ನೋಡಿ. ವಾರಕ್ಕೊಂದು ದಿನ ಯಜಮಾನ, ಆಳು, ಎತ್ತು, ಕತ್ತೆ, ಮನೆಯಲ್ಲಿ ಉಳಿದ ಪರದೇಶಿ ಎಲ್ಲರಿಗೂ ಬಿಡುವು. ಬೆಂಕಿ ಹೊತ್ತಿಸುವಂತಿಲ್ಲ. ಲೋಕದಿಂದ ಕಿತ್ತುಕೊಳ್ಳುವುದನ್ನು ನಿಲ್ಲಿಸಿ ಕೂರುವ ಶಿಸ್ತು ಅದು. ಈಗ ಗುಂಡಿ ಒತ್ತುವ ಪಾಪ ತಟ್ಟದಂತೆ ಟೈಮರ್ ಇದೆ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ ಆರದೆ ಕಾಯುವ ವಿದ್ಯುತ್ ತಟ್ಟೆ ಇದೆ. ಯಾರೂ ಒತ್ತದೆ ಪ್ರತಿ ಮಹಡಿಯಲ್ಲೂ ತಾನೇ ನಿಂತು ತಾನೇ ಹೊರಡುವ ಲಿಫ್ಟ್ ಇದೆ. ಮುದುಕರಿಗೆ, ರೋಗಿಗಳಿಗೆ ಅದರಿಂದ ಉಪಕಾರವಾಗಿದೆ, ಒಪ್ಪೋಣ. ಆದರೆ ಮನುಷ್ಯ ಕೂತಿದ್ದಾನೆ, ಯಂತ್ರ ದುಡಿಯುತ್ತಿದೆ, ಬೆಂಕಿ ಎಲ್ಲೋ ದೂರದ ವಿದ್ಯುತ್ ಸ್ಥಾವರದಲ್ಲಿ ಉರಿಯುತ್ತಲೇ ಇದೆ. ನಮ್ಮ ಕಡೆಯೂ, ಬಸವಣ್ಣನ ದಿನವೆಂದು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಊರುಗಳು ಉತ್ತರ ಕರ್ನಾಟಕದಲ್ಲಿ ಎಷ್ಟೋ ಇದ್ದವು. ಟ್ರ್ಯಾಕ್ಟರಿಗೆ ಸೋಮವಾರ ಉಂಟೆ?

ಇದಕ್ಕಿಂತ ಕಠಿಣವಾದದ್ದು ಏಳನೆಯ ವರ್ಷದ ವಿಧಿ, ಶ್ಮಿತಾ. ಆರು ವರ್ಷ ಬಿತ್ತು, ಏಳನೆಯ ವರ್ಷ ಭೂಮಿಯನ್ನು ಬೀಳು ಬಿಡು. ತಾನಾಗಿ ಬೆಳೆದದ್ದರಲ್ಲಿ ನಿನಗೂ ನಿನ್ನ ಆಳಿಗೂ ಕೂಲಿಯವನಿಗೂ ದನಕ್ಕೂ ಕಾಡುಮೃಗಕ್ಕೂ ಪಾಲು. ಬಡವನ ಸಾಲವೂ ಆ ವರ್ಷ ರದ್ದು. ನೆಲಕ್ಕೆ ಬಿಡುವು, ಬಡವನಿಗೆ ಬಿಡುಗಡೆ, ಎರಡನ್ನೂ ಒಂದೇ ವರ್ಷಕ್ಕೆ ಕಟ್ಟಿದ್ದು ಸುಮ್ಮನಲ್ಲ. ನೆಲವನ್ನು ಹಿಂಡುವ ಕೈಯೇ ಬಡವನನ್ನೂ ಹಿಂಡುತ್ತದೆಂದು ಆ ಶಾಸ್ತ್ರ ಬರೆದವರಿಗೆ ಗೊತ್ತಿತ್ತು. ತಪ್ಪಿದರೆ ಏನಾದೀತು ಎಂಬುದನ್ನೂ ಮುಚ್ಚಿಡಲಿಲ್ಲ. ನೀವು ಕೊಡದ ಬಿಡುವನ್ನು ಭೂಮಿ ತಾನೇ ತೆಗೆದುಕೊಳ್ಳುತ್ತದೆ, ನೀವು ಪರದೇಶದಲ್ಲಿ ಸೆರೆಯಾಗಿರುವಾಗ ಅದು ಪಾಳು ಬಿದ್ದು ವಿಶ್ರಮಿಸುತ್ತದೆ ಎಂಬುದು ಯಾಜಕಕಾಂಡದ ಎಚ್ಚರಿಕೆ. ಬಾಬೆಲಿನಲ್ಲಿ ಯೆಹೂದಿಗಳು ಕಳೆದ ಸೆರೆವಾಸದ ಎಪ್ಪತ್ತು ವರ್ಷಗಳನ್ನು ಬೈಬಲಿನ ಪೂರ್ವಕಾಲವೃತ್ತಾಂತ ಎಣಿಸಿದ್ದು ಹಾಗೆಯೇ: ಬಾಕಿ ಉಳಿದ ಬಿಡುವಿನ ವಸೂಲಿಯೆಂದು.

1888-89ರ ಶ್ಮಿತಾ ಬಂದಾಗ ಪ್ಯಾಲೆಸ್ಟೀನಿಗೆ ಹೊಸದಾಗಿ ಬಂದು ನೆಲೆಸಿದ್ದ ಯೆಹೂದಿ ರೈತರು ನಿಜವಾಗಿಯೂ ಹಸಿವಿನ ಅಂಚಿನಲ್ಲಿದ್ದರು. ಆ ಒಂದು ವರ್ಷದ ಮಟ್ಟಿಗೆ ಭೂಮಿಯನ್ನು ಯೆಹೂದ್ಯೇತರರಿಗೆ ಕಾಗದದಲ್ಲಿ ಮಾರಿ ಉತ್ತು ಬಿತ್ತಬಹುದೆಂದು ಕೆಲವು ರಬ್ಬಿಗಳು ವಿನಾಯಿತಿ ಕೊಟ್ಟರು. ಹಸಿದ ಹೊಟ್ಟೆಗೆ ಕೊಟ್ಟ ವಿನಾಯಿತಿ ಅದು. ಅದನ್ನು ಹಳಿಯುವವನು ಹಸಿವು ಕಾಣದವನು. ಕೆಲವರು ಅಂದೇ ಅದನ್ನು ಒಪ್ಪಲಿಲ್ಲ, ವಾದ ಇಂದಿಗೂ ನಿಂತಿಲ್ಲ. ಆದರೆ 2021ರ ಸೆಪ್ಟೆಂಬರ್‌ನಿಂದ ಒಂದು ವರ್ಷ ನಡೆದ ಶ್ಮಿತಾದಲ್ಲೂ ಅದೇ ಕಾಗದದ ಮಾರಾಟ ನಡೆಯಿತು, ಸಿರಿವಂತ ದೇಶವೊಂದರ ಮುಖ್ಯ ರಬ್ಬಿಗಳ ಕಚೇರಿಯ ಉಸ್ತುವಾರಿಯಲ್ಲಿ. ಮಾರಾಟವನ್ನು ಒಪ್ಪದ ಕಟ್ಟುನಿಟ್ಟಿನವರು ಅನ್ಯರು ಬೆಳೆದದ್ದನ್ನೋ ಹೊರದೇಶದಿಂದ ತಂದದ್ದನ್ನೋ ಕೊಂಡರು. ನಿಜವಾಗಿ ಬೀಳು ಬಿಟ್ಟ ರೈತರೂ ಇದ್ದರು, ನಷ್ಟವನ್ನೂ ಉಂಡರು. ಉಳಿದವರ ಮಟ್ಟಿಗೆ ಹಸಿವು ಹೋಯಿತು, ವಿನಾಯಿತಿ ಉಳಿಯಿತು. ಬರಗಾಲಕ್ಕೆಂದು ಪಡೆದ ರಿಯಾಯಿತಿಯನ್ನು ಸುಗ್ಗಿಯಲ್ಲೂ ಹಿಂದಿರುಗಿಸದ ಜಾಣತನ ಯಾವ ಧರ್ಮದವರಿಗೆ ಹೊಸತು?

ಕೊಡದ ಬಿಡುವಿನ ವಸೂಲಿ ಹೇಗೆ ನಡೆಯುತ್ತದೆಂದು ನೋಡಬೇಕಾದವರು ಮೃತ ಸಮುದ್ರದ ದಂಡೆಗೆ ಹೋಗಬಹುದು. ಅದಕ್ಕೆ ನೀರೂಡುವ ಜೋರ್ಡಾನ್ ನದಿಯನ್ನು ಗಲಿಲೀ ಸರೋವರದ ತುದಿಯಲ್ಲೇ ತಡೆದು, 1964ರಿಂದ ದೊಡ್ಡ ಕಾಲುವೆ ಕೊಳವೆಗಳಲ್ಲಿ ದಕ್ಷಿಣಕ್ಕೆ ಹರಿಸಲಾಯಿತು; ಉಪನದಿ ಯಾರ್ಮೂಕ್ ಅನ್ನು ಸಿರಿಯಾ, ಜೋರ್ಡಾನ್ ದೇಶಗಳು ಹೀರಿಕೊಂಡವು. ಮೂರು ಧರ್ಮಗಳ ಪವಿತ್ರ ಗ್ರಂಥಗಳ ನಾಡಿನ ಹೊಳೆಗೆ ಹಳೆಯ ಹರಿವಿನ ಹತ್ತನೇ ಒಂದು ಪಾಲೂ ಉಳಿದಿಲ್ಲ. ಉಳಿದದ್ದರಲ್ಲೂ ಉಪ್ಪುನೀರು, ಊರ ಚರಂಡಿ ನೀರು. ಖನಿಜ ತೆಗೆಯುವ ಕಾರ್ಖಾನೆಗಳು ದಕ್ಷಿಣದಲ್ಲಿ ಹರವಿಕೊಂಡ ಬಾಷ್ಪೀಕರಣದ ಮಡುಗಳೂ ಸೇರಿ, ಮೃತ ಸಮುದ್ರದ ಮಟ್ಟ ವರ್ಷಕ್ಕೆ ಒಂದು ಮೀಟರಿಗೂ ಹೆಚ್ಚು ಇಳಿಯುತ್ತಿದೆ. ನೀರು ಹಿಂದೆ ಸರಿದಲ್ಲಿ ಸಿಹಿನೀರು ಒಳಹೊಕ್ಕು ನೆಲದಡಿಯ ಉಪ್ಪಿನ ಪದರವನ್ನು ಕರಗಿಸುತ್ತದೆ, ಮೇಲಿನ ಮಣ್ಣು ಒಮ್ಮೆಗೇ ಕುಸಿಯುತ್ತದೆ. ಅಂಥ ಸಾವಿರಾರು ಗುಂಡಿಗಳು ರಸ್ತೆ, ಖರ್ಜೂರದ ತೋಟ, ಪ್ರವಾಸಿ ತಂಗುದಾಣಗಳನ್ನು ನುಂಗಿವೆ. ಅದೇ ಕಣಿವೆಯಲ್ಲಿ ಹಸಿರು ತೋಟಗಳ ಪಕ್ಕದಲ್ಲೇ ಪ್ಯಾಲೆಸ್ಟೀನಿನ ಕುಟುಂಬಗಳು ಟ್ಯಾಂಕರ್ ನೀರನ್ನು ದುಡ್ಡು ಕೊಟ್ಟು ಕೊಳ್ಳುತ್ತವೆ. ಎಚ್ಚರಿಕೆ ನದಿಯನ್ನು ತಡೆಯುವುದಕ್ಕೂ ಮೊದಲೇ ಸಿಕ್ಕಿತ್ತು. 1951ರಿಂದ 1958ರವರೆಗೆ ಹುಲಾ ಕಣಿವೆಯ ಜೌಗನ್ನು ಬತ್ತಿಸಿದಾಗ, ಒಣಗಿದ ಮಣ್ಣೇ ತಾನಾಗಿ ಹೊತ್ತಿ ಉರಿಯಿತು, ಅದರ ಸಾರ ತೊಳೆದುಬಂದು ಗಲಿಲೀ ಸರೋವರವನ್ನು ಕೆಡಿಸಿತು. 1994ರಲ್ಲಿ ಒಂದಿಷ್ಟು ಭಾಗಕ್ಕೆ ಮತ್ತೆ ನೀರು ತುಂಬಿಸಿದರು. ಹೊಲ ಮಾಡಲೆಂದು ಬತ್ತಿಸಿ, ಕೆರೆ ಮಾಡಲೆಂದು ತುಂಬಿಸಿ!

ಇನ್ನು ಮರದ ಮಾತು. ಶತ್ರುವಿನ ಹಣ್ಣಿನ ಮರವನ್ನೂ ಕಡಿಯಬೇಡ ಎಂದ ತೋರಾದ ಹೆಸರು ಹೇಳುವವರೇ ಪಶ್ಚಿಮ ದಂಡೆಯಲ್ಲಿ ಪ್ಯಾಲೆಸ್ಟೀನಿ ರೈತನ ಆಲಿವ್ ಮರಗಳನ್ನು ಕಡಿದ, ಸುಟ್ಟ ಘಟನೆಗಳು ಪ್ರತಿ ಸುಗ್ಗಿಯಲ್ಲೂ ದಾಖಲಾಗುತ್ತಿವೆ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ಬಳಿಕ ನಡೆದ ಯುದ್ಧದಲ್ಲಿ, ಮರುವರ್ಷದ ಸೆಪ್ಟೆಂಬರ್ ಹೊತ್ತಿಗೆ ಗಾಜಾದ ಬೆಳೆಭೂಮಿಯ ಮೂರನೇ ಎರಡು ಪಾಲಿಗೂ ಹೆಚ್ಚು ಹಾನಿಗೀಡಾಗಿತ್ತೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಉಪಗ್ರಹ ಚಿತ್ರಗಳ ಆಧಾರದಲ್ಲಿ ಹೇಳಿತು. ಯುದ್ಧದಲ್ಲಿ ಇದೆಲ್ಲ ಆಗುವಂಥದ್ದೇ ಎನ್ನುವವರಿಗೆ ಒಂದೇ ಉತ್ತರ: ಆ ವಿಧಿ ಬರೆದದ್ದೇ ಯುದ್ಧಕ್ಕಾಗಿ.

ಹಾಗೆಂದು ದಾರಿ ಕಾಣದೆ ತಪ್ಪಿದ್ದೂ ಅಲ್ಲ. 1988ರಲ್ಲಿ ಹುಟ್ಟಿದ ‘ರಬ್ಬೀಸ್ ಫಾರ್ ಹ್ಯೂಮನ್ ರೈಟ್ಸ್’ ಸಂಘಟನೆಯ ರಬ್ಬಿಗಳು ಅದೇ ಆಲಿವ್ ತೋಪುಗಳಲ್ಲಿ ಪ್ಯಾಲೆಸ್ಟೀನಿ ರೈತರ ಜೊತೆ ನಿಂತು ಕಾಯಿ ಬಿಡಿಸುತ್ತಾರೆ. ಕೆತುರಾ ಎಂಬ ಕಿಬ್ಬುತ್ಸಿನಲ್ಲಿ, ಅಂದರೆ ಸಾಮೂಹಿಕ ಕೃಷಿ ಹಳ್ಳಿಯಲ್ಲಿ, 1996ರಿಂದ ನಡೆಯುತ್ತಿರುವ ಅರಾವ ಸಂಸ್ಥೆಯಲ್ಲಿ ಯೆಹೂದಿ, ಅರಬ್ ವಿದ್ಯಾರ್ಥಿಗಳು ಒಂದೇ ಬೆಂಚಿನಲ್ಲಿ ಕೂತು ಪರಿಸರ ಓದುತ್ತಾರೆ. ಕೊಳಚೆ ನೀರಿನ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚನ್ನು ಶುದ್ಧಮಾಡಿ ಹೊಲಕ್ಕೆ ಹಾಯಿಸುವ ದೇಶ ಇಸ್ರೇಲ್. ಬುದ್ಧಿಗೆ ಬರವಿಲ್ಲ, ಹಣಕ್ಕೆ ಬರವಿಲ್ಲ, ಶಾಸ್ತ್ರಕ್ಕಂತೂ ಇಲ್ಲವೇ ಇಲ್ಲ. ಒಂದು ತಟ್ಟೆ ತೊಳೆಯುವ ಮನಸ್ಸಿಗೆ ಬರ.

ಈ ಇಡೀ ಕಥೆಯಿಂದ ಕನ್ನಡನಾಡು ಎತ್ತಿಕೊಂಡದ್ದು ಯಾವುದು? ಪೈಪು. 1960ರ ದಶಕದಲ್ಲಿ ನೆಗೆವ್ ಮರುಭೂಮಿಯ ಹತ್ಸೆರಿಮ್ ಕಿಬ್ಬುತ್ಸಿನಲ್ಲಿ ಉದ್ಯಮವಾಗಿ ಬೆಳೆದ ಹನಿ ನೀರಾವರಿಯನ್ನು ನೋಡಿಬರಲು ನಮ್ಮ ಮಂತ್ರಿಗಳೂ ಅಧಿಕಾರಿಗಳೂ ಹೋಗಿಬಂದರು. 2018ರ ರಾಜ್ಯ ಬಜೆಟ್ಟಿನಲ್ಲಿ ‘ಇಸ್ರೇಲ್ ಮಾದರಿ’ ಕೃಷಿಗೆ ಹಣ ತೆಗೆದಿಟ್ಟೆವು. ಮಾದರಿಯೆಂದರೆ ನಮಗೆ ಅರ್ಥವಾದದ್ದು ಹನಿ ನೀರಿನಲ್ಲಿ ಹೆಚ್ಚು ಫಸಲು ಎಂಬಷ್ಟೇ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್ಲಿನ ಬಾಯಿಗೆ ಅದೇ ಪೈಪು ಸೇರಿಸಿದೆವು. ಹನಿಯಲ್ಲಿ ಉಳಿಸಿದ ನೀರನ್ನು ನೆಲಕ್ಕೆ ಬಿಟ್ಟುಕೊಟ್ಟವರು ಎಷ್ಟು ಜನ? ಇನ್ನೊಂದೆಕರೆಗೆ ಟೊಮೆಟೊ ಹಾಕಿದೆವು, ಮೂರು ಬೆಳೆ ತೆಗೆದೆವು, ನೆರೆಯವನಿಗಿಂತ ನೂರಡಿ ಆಳಕ್ಕೆ ಕೊರೆದೆವು. ಹೊಲವನ್ನು ಬೀಳು ಬಿಡುತ್ತಿದ್ದ ಅಜ್ಜಂದಿರನ್ನು ಸೋಮಾರಿಗಳೆಂದೆವು. ಏಳನೆಯ ವರ್ಷದ ಸುದ್ದಿಯನ್ನು ಯಾವ ಅಧ್ಯಯನ ಪ್ರವಾಸವೂ ಹೊತ್ತು ತರಲಿಲ್ಲ. ತಂದಿದ್ದರೂ ಕೇಳುತ್ತಿದ್ದೆವೆ?

ಮುಂದಿನ ಶ್ಮಿತಾ 2028ರ ಸೆಪ್ಟೆಂಬರ್‌ನಲ್ಲಿ ಶುರು. ಮಾರಾಟದ ಕಾಗದಗಳು ಆ ಹೊತ್ತಿಗೆ ಸಿದ್ಧವಾಗಿರುತ್ತವೆ, ಅವಕ್ಕೆ ಸಹಿಯೂ ಬೀಳುತ್ತದೆ. ಮೃತ ಸಮುದ್ರ ಈಗಿನ ಲೆಕ್ಕದಲ್ಲೇ ಇಳಿಯುತ್ತ ಹೋದರೆ, ಹಿಂದಿನ ಶ್ಮಿತಾದಿಂದ ಆ ಶ್ಮಿತಾ ಬರುವಷ್ಟರಲ್ಲಿ ಅದರ ನೀರು ಏಳು ಮೀಟರಿಗೂ ಹೆಚ್ಚು ಕೆಳಗೆ ಹೋಗಿರುತ್ತದೆ.