ಸಿಗಡಿ ವಿದೇಶಕ್ಕೆ, ತಾರ್ಲಿ ಕಾರ್ಖಾನೆಗೆ: ಬಡವರ ತಟ್ಟೆಗೆ ಏನು?

ನಿಪ್ಪಾಣಿ: ಭಾರತವು 2024-25ನೇ ಸಾಲಿನಲ್ಲಿ 16.98 ಲಕ್ಷ ಟನ್ ಸಾಗರೋತ್ಪನ್ನಗಳನ್ನು ರಫ್ತು ಮಾಡಿ 62,408 ಕೋಟಿ ರೂ. ಗಳಿಸಿತು. ಈ ಮೊತ್ತದ ಮೂರನೇ ಎರಡು ಭಾಗಕ್ಕೂ ಹೆಚ್ಚಿನದು ಶೈತ್ಯೀಕರಿಸಿದ ಸಿಗಡಿಯಿಂದಲೇ ಬಂದಿತು. ಅದರ ಮುಖ್ಯ ಮಾರುಕಟ್ಟೆ ಅಮೆರಿಕ. ಅಂಕಿ-ಅಂಶಗಳು ಸಂತಸ ತರುವಂಥವೇ. ಆದರೆ ಆ ಸಿಗಡಿ ಏನನ್ನು ತಿಂದು ಬೆಳೆಯಿತು ಎಂಬ ಪ್ರಶ್ನೆ ಸಮುದ್ರದಿಂದ ದೂರವಿರುವ ಗಡಿಭಾಗದ ಜನರಿಗೂ ಸಂಬಂಧಿಸಿದ್ದಾಗಿದೆ.

ಸಾಕಣೆ ಸಿಗಡಿಯಲ್ಲಿ ಆಂಧ್ರಪ್ರದೇಶದ್ದೇ ಸಿಂಹಪಾಲು. ಕೊಳಗಳಿಗೆ ಹಾಕುವ ಆಹಾರದಲ್ಲಿ ಮೀನುಪುಡಿ ಪ್ರಮುಖ ಅಂಶ. ಒಂದು ಕಿಲೋ ಮೀನುಪುಡಿಗೆ ಸುಮಾರು ನಾಲ್ಕರಿಂದ ಐದು ಕಿಲೋ ಹಸಿಮೀನು ಬೇಕು. ಈ ಉದ್ಯಮದ ದೊಡ್ಡ ನೆಲೆ ಮಂಗಳೂರು-ಉಡುಪಿ ಕರಾವಳಿ. ಅಲ್ಲಿ ಅರೆಯಲಾಗುವ ಮೀನುಗಳಲ್ಲಿ ಬೂತಾಯಿಯೂ ಸೇರಿದೆ. ಅದೇ ನಮ್ಮ ಭಾಗದ ತಾರ್ಲಿ: ಸುಣ್ಣಾಂಶ, ಒಮೆಗಾ-3 ಕೊಬ್ಬು ಹೇರಳವಾಗಿರುವ ಬಡವರ ಮೀನು.

ಕಾರ್ಖಾನೆಗಳ ಪರವಾದ ವಾದವನ್ನೂ ಅಲ್ಲಗಳೆಯಲಾಗದು. ತಿನ್ನಲು ಯೋಗ್ಯವಲ್ಲದ ಮೀನಿಗೆ ಅವು ಬೆಲೆ ತರುತ್ತವೆ, ಉದ್ಯೋಗ ನೀಡುತ್ತವೆ. ತೊಡಕಿರುವುದು ಖರೀದಿಯ ರೀತಿಯಲ್ಲಿ. ದಕ್ಕೆಯಲ್ಲಿಯೇ ಇಡೀ ರಾಶಿ ಮಾರಾಟವಾಗುವುದಾದರೆ ಮೀನನ್ನು ವಿಂಗಡಿಸಿ ಮಂಜುಗಡ್ಡೆಯಲ್ಲಿ ಇಡುವ ಶ್ರಮವನ್ನು ದೋಣಿಯವರು ಏಕೆ ವಹಿಸಬೇಕು? ದೇವಗಡದಿಂದ ರಾಧಾನಗರಿ ಮಾರ್ಗವಾಗಿ ನಿಪ್ಪಾಣಿಗೆ ನೇರ ರಸ್ತೆಯೇನೋ ಇದೆ. ಆದರೆ ಮಂಜುಗಡ್ಡೆ ಮತ್ತು ಸಾಗಣೆ ವೆಚ್ಚ ಹೊರಬೇಕಾದ ಒಳನಾಡಿನ ವ್ಯಾಪಾರಿ ಇಂಥ ಸಗಟು ಖರೀದಿಯೊಂದಿಗೆ ಸ್ಪರ್ಧಿಸುವುದು ಕಷ್ಟ. ಮೀನಿನ ಇಳುವರಿ ಕುಸಿದಾಗಲಂತೂ ಸ್ಥಿತಿ ಬಿಗಡಾಯಿಸುತ್ತದೆ. ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಇದ್ದ ಬೂತಾಯಿ ಇಳುವರಿ 2021ರಲ್ಲಿ ಸುಮಾರು 3,300 ಟನ್‌ಗೆ ಇಳಿದಿತ್ತು.

ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಪಶ್ಚಿಮ ಆಫ್ರಿಕಾದ ಸೆನೆಗಲ್, ಗ್ಯಾಂಬಿಯಾ, ಮಾರಿಟಾನಿಯಾಗಳಲ್ಲಿಯೂ ಸ್ಥಳೀಯರ ಆಹಾರವಾದ ಇಂಥದೇ ಮೀನು ಪುಡಿಯಾಗಿ ಹೊರದೇಶಗಳಿಗೆ ಹೋಗುತ್ತಿರುವುದು ವಿವಾದಕ್ಕೆ ಕಾರಣವಾಗಿದೆ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ 2022ರಲ್ಲಿ ಅಂಗೀಕಾರವಾಗಿ 2025ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಮೀನುಗಾರಿಕೆ ಸಬ್ಸಿಡಿ ಒಪ್ಪಂದವು ಅಕ್ರಮ ಮೀನುಗಾರಿಕೆಗೆ ಮತ್ತು ಅತಿಯಾಗಿ ಹಿಡಿದು ಬರಿದಾದ ಮೀನು ಸಂಪತ್ತಿನ ಮೇಲಿನ ಮೀನುಗಾರಿಕೆಗೆ ನೀಡುವ ನೆರವನ್ನು ನಿಷೇಧಿಸುತ್ತದೆ. ಹಿಡಿದ ಮೀನು ಮನುಷ್ಯನ ತಟ್ಟೆಗೋ, ಕಾರ್ಖಾನೆಗೋ ಎಂಬುದನ್ನು ಅದು ನಿರ್ಧರಿಸುವುದಿಲ್ಲ. ಆ ಹೊಣೆ ಆಯಾ ಸರ್ಕಾರಗಳದು.

ಮಾರ್ಗಗಳಿಲ್ಲವೆಂದಲ್ಲ. ಮರಿಮೀನು ಹಿಡಿಯುವುದಕ್ಕೆ ಕಟ್ಟುನಿಟ್ಟಿನ ತಡೆ, ತಿನ್ನಲು ಯೋಗ್ಯವಾದ ಮೀನು ಮೊದಲು ಮಾರುಕಟ್ಟೆಗೆ ಎಂಬ ನಿಯಮ, ದಕ್ಕೆಗಳಲ್ಲಿ ಮಂಜುಗಡ್ಡೆ ಮತ್ತು ಶುಚಿಯಾಗಿ ಒಣಗಿಸುವ ಸೌಲಭ್ಯ ಕರಾವಳಿಯಲ್ಲಿ ಆಗಬೇಕಾದ ಕೆಲಸಗಳು. ಒಳನಾಡಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ತೀರದ ಕೆರೆ-ಕೊಳಗಳಿಗೆ ಆದ್ಯತೆ ದೊರೆಯಬೇಕು. ಕಾಟ್ಲಾ, ರೋಹು ಮೀನುಗಳು ಶೇಂಗಾ ಹಿಂಡಿ, ಅಕ್ಕಿ ತೌಡಿನಲ್ಲಿಯೇ ಬೆಳೆಯಬಲ್ಲವು. ಅವುಗಳಿಗೆ ಸಮುದ್ರದ ಮೀನನ್ನು ಅರೆಯಬೇಕಾಗಿಲ್ಲ.

ರಫ್ತಿನ ಗಳಿಕೆಯನ್ನು ವರ್ಷವರ್ಷವೂ ಲೆಕ್ಕ ಹಾಕುವ ಸರ್ಕಾರ, ಅದಕ್ಕಾಗಿ ಪುಡಿಯಾದ ಆಹಾರದ ಲೆಕ್ಕವನ್ನೂ ಜನರ ಮುಂದಿಡುವುದು ಅಗತ್ಯ.